ಹೊಂಗೆ ಮರದಿಂದ ಮೂಡಲಿಗೆ

“ಇದ್ರೊಳ್ಗೆ ನಾವೆಲ್ಲಿದ್ದೀವಿ?”

ನಿಂಗಾಜಮ್ಮ ಯಾರನ್ನೂ ನೋಡದೆ ಕೇಳಿದಳು. ದೇವಸ್ಥಾನದ ಜಗಲಿಯ ಮೇಲೆ ಹಾಸಿದ್ದ ಹಳೆಯ ನಕ್ಷೆ ಅವಳಿಗೆ ಕೆಳಗಿನಿಂದ ಒಂದು ಹಳದಿ ಅಂಚಾಗಿ ಮಾತ್ರ ಕಾಣುತ್ತಿತ್ತು. ಕೇರಿಯವರೆಲ್ಲ ಮೆಟ್ಟಿಲ ಕೆಳಗೆ ಬಿಸಿಲಿನಲ್ಲಿ ನಿಂತಿದ್ದರು. ಅವಳ ಗಂಡ ಮರಿಸಿದ್ದಯ್ಯ ಒಂದು ಮೆಟ್ಟಿಲು ಹತ್ತಿ ಕತ್ತು ಚಾಚಿದ.

“ಲೇ ಮರಿಸಿದ್ದ, ಕೆಳುಗ್ ನಿಂತ್ಕೊಂಡೇ ನೋಡ್ಲಾ. ನಿನ್ ನೆಳ್ಳು ನಕ್ಸೆ ಮ್ಯಾಲೆ ಬೀಳ್ತಾ ಅದೆ.”

ಹೇಳಿದವನು ಜಯಪ್ರಕಾಶ್, ಊರಿನ ಅರ್ಧ ಕಬ್ಬಿನ ಗದ್ದೆಗಳ ಒಡೆಯ. ವಯಸ್ಸಿನಲ್ಲಿ ಮರಿಸಿದ್ದಯ್ಯನ ಮಗನಂತಿದ್ದ.

“ಆಯ್ತು ಬುದ್ದಿ.” ಮರಿಸಿದ್ದಯ್ಯ ಇಳಿದ. ಆ ಗದ್ದೆಗಳಿಗೆ ನೀರು ಕಟ್ಟಿ ಕಟ್ಟಿ ಅವನ ಕಾಲ್ಬೆರಳ ಸಂದುಗಳು ಬೆಳ್ಳಗೆ ಕೊಳೆತಿದ್ದವು.

ಮಂಡ್ಯದ ಕಾಲೇಜೊಂದರಿಂದ ಬಂದಿದ್ದ ಮೇಧಾ, ಹಳೆಯ ನಕ್ಷೆಯ ಮೇಲೆ ಈಗಿನ ಊರನ್ನು ಬರೆದ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ಇಟ್ಟು ಎರಡನ್ನೂ ಹೊಂದಿಸುತ್ತಿದ್ದಳು. ಊರು ಹೇಗೆ ಬದಲಾಯಿತು ಎಂಬುದು ಅವಳ ಅಧ್ಯಯನ. ದೇವಸ್ಥಾನ ದೇವಸ್ಥಾನದ ಮೇಲೆ ಕೂತಿತು. ದೊಡ್ಡಬೀದಿ ದೊಡ್ಡಬೀದಿಯ ಮೇಲೆ ಕೂತಿತು. ಕೇರಿ ಕೂರಲಿಲ್ಲ.

“ಕೇರಿ ಆಗ ಕೆರೆ ಪಕ್ಕ ಇತ್ತು,” ಎಂದಳು ಮೇಧಾ. “ಈ ಹೊಂಗೆ ಮರದಿಂದ ಮೂಡಲಿಗೆ ಒಂದು ಕಾಲುದಾರಿ ಇದೆ ನೋಡಿ. ಕೆರೆ ಹಿಂದೆ ಹೋಗಿ ಮುಗಿಯುತ್ತೆ. ಅಲ್ಲಿ...” ಸಣ್ಣ ಅಕ್ಷರಗಳನ್ನು ಓದಿ ದನಿ ತಗ್ಗಿಸಿದಳು. “ಹೊಲಗೇರಿ ಸ್ಮಶಾನ ಅಂತಿದೆ.”

ಕೆಳಗಿದ್ದವರೆಲ್ಲ ಹೊಂಗೆ ಮರದ ಕಡೆ ತಿರುಗಿದರು.

ಕೇರಿಯಲ್ಲಿ ಯಾರು ಸತ್ತರೂ ಚಟ್ಟವನ್ನು ಆ ಹೊಂಗೆ ಮರದಡಿ ಇಳಿಸುತ್ತಾರೆ. ಪುರಿ ಚೆಲ್ಲಿ, ತಲೆ ಇದ್ದ ಕಡೆ ಕಾಲು ತಿರುಗಿಸಿ, ಮೂಡಲಿಗೆ ಮುಖ ಮಾಡಿ ಪದ ಹೇಳುತ್ತಾರೆ.

ಇಳಿಸಿರಯ್ಯ ಹೊಂಗೆಯಡಿ, ತಿರುಗಿಸಿರಯ್ಯ ಮೂಡಲಿಗೆ,
ಕೆರೆಯ ಹಿಂದೆ ಮಣ್ಣು ಕಾದು ಕೂತಿದೆ.

ಪದ ಮುಗಿದ ಮೇಲೆ ಚಟ್ಟ ಎತ್ತಿ ಪಡುವಲಿಗೆ, ನಾಲೆಯ ಏರಿಗೆ ನಡೆಯುತ್ತಾರೆ. ಮೂಡಲಿಗಿರುವುದು ಜಯಪ್ರಕಾಶನ ಕಬ್ಬು. ಯಾವ ಕೆರೆ, ಯಾವ ಮಣ್ಣು ಎಂದು ಯಾರೂ ಕೇಳಿರಲಿಲ್ಲ. ಹಿರಿಯರು ಹೇಳಿದ ಹಾಗೆ ಹೇಳಿಕೊಂಡು ಬಂದಿದ್ದರು.

“ಆ ಕೆರೆ ಏನಾಯ್ತು?” ಎಂದು ಮೇಧಾ ಕೇಳಿದಳು.

“ನಾಲೆ ನೀರು ಬಂದ್ಮೇಲೆ ಕೆರೆ ಯಾಕ್ ಬೇಕಿತ್ತು ಮೇಡಂ? ನಮ್ ತಾತ ಮಟ್ಟ ಮಾಡ್ಸುದ್ರು. ಈಗ ಕಬ್ಬು. ಅದೇ ಬದಲಾವಣೆ, ಬರ್ಕೊಳಿ.” ಜಯಪ್ರಕಾಶ್ ನಕ್ಕ. “ಬನ್ನಿ, ಮನೇಲಿ ಕಾಫಿ ಆರೋಯ್ತದೆ.”

ಮರಿಸಿದ್ದಯ್ಯನ ಮಗ ಸಿದ್ದರಾಜು ಮುಂದೆ ಬಂದ. “ಮೇಡಂ, ಇದ್ರುದೊಂದು ಜೆರಾಕ್ಸು ಕೊಡ್ತೀರಾ?”

ಮೇಧಾ ಜಯಪ್ರಕಾಶನ ಕಡೆ ನೋಡಿದಳು. “ಪುಸ್ತಕ ಬಂದಾಗ ಕಳಿಸ್ತೀನಿ,” ಎಂದು ನಕ್ಷೆ ಸುತ್ತಿದಳು.

ಕೇರಿಗೆ ಹಿಂತಿರುಗುವಾಗ ನಿಂಗಾಜಮ್ಮ ಹೊಂಗೆ ಮರದಡಿ ಕೂತುಬಿಟ್ಟಳು. ಹೋದ ವರ್ಷ ನಾಲೆಗೆ ನೀರು ಬಿಟ್ಟಾಗ ಏರಿ ಕುಸಿದು, ಅಲ್ಲಿ ಹೂತಿದ್ದ ಅವಳ ತಂಗಿಯ ಹೆಣ ತೇಲಿಹೋಗಿತ್ತು. ತೂಬಿನ ಕಂಬಿಗೆ ಸಿಕ್ಕಿಕೊಂಡ ಸೀರೆಯನ್ನು ಗುರುತು ಹಿಡಿದವಳು ಇವಳೇ.

“ಲೇ ಸಿದ್ದರಾಜು, ನನ್ನ ನೀರ್ಗ್ ಆಕ್ಬ್ಯಾಡ ಕಣ್ಲಾ.”

“ಸುಮ್ಕಿರವ್ವ. ಮುದ್ದೆ ನುಂಗ್ಕೊಂಡು ನಮ್ಮನ್ನೆಲ್ಲ ನೀನೇ ಮಣ್ ಮಾಡ್ತೀಯ.”

“ತಮಾಸೆ ಅಲ್ಲ ಕಣ್ಲಾ. ಮಣ್ಣು ಎಲ್ಲದೆ ಅಂತ ಈಗ ಗೊತ್ತಾಯ್ತಲ್ಲ.”

ಯುಗಾದಿಗೆ ಇನ್ನೂ ಕೆಲವು ದಿನ ಇರುವಾಗ ಅವಳು ಹೋದಳು. ತಮಟೆಯ ಹಿಂದೆ ಚಟ್ಟ ಬಂತು. ಎಲೆ ಉದುರಿ ಬೋಳಾಗಿದ್ದ ಹೊಂಗೆಯಡಿ ಇಳಿಸಿದರು, ತಿರುಗಿಸಿದರು. ಮರಿಸಿದ್ದಯ್ಯನೇ ಪದ ಹೇಳಿದ.

ಮುಗಿದ ಮೇಲೆ ಯಾರೂ ಚಟ್ಟಕ್ಕೆ ಕೈ ಹಾಕಲಿಲ್ಲ. ಸಿದ್ದರಾಜು ಮಚ್ಚು ಹಿಡಿದು ಕಬ್ಬಿಗೆ ಇಳಿದ. ಚಟ್ಟ ಹೋಗುವಷ್ಟೇ ಅಗಲಕ್ಕೆ ಕಡಿಯುತ್ತ ಮೂಡಲಿಗೆ ನಡೆದ.

ಜಯಪ್ರಕಾಶ್ ಬೈಕಿನಲ್ಲಿ ಬಂದ. “ಯಾವನ್ಲಾ ಅದು ಕಬ್ಬು ಕಡೀತಿರೋನು? ಬೋಳಿಮಕ್ಕಳಾ, ನಿಮ್ಮವ್ವನ್ ಜಮೀನೇನ್ಲಾ?”

“ನಮ್ಮವ್ವಂದೇಯ. ನಕ್ಸೇಲದೆ,” ಎಂದಿತು ಕಬ್ಬಿನೊಳಗಿಂದ ದನಿ.

“ನಕ್ಸೆ ತೋರುಸ್ಲಾ ನೋಡಾನ. ಪೊಲೀಸ್ನೋರ್ನ ಕರುಸ್ತೀನಿ, ತಾಳು.”

ಮಚ್ಚಿನ ಸದ್ದು ನಿಲ್ಲಲಿಲ್ಲ. ಹೆಂಗಸರು ದಾರಿಗಡ್ಡ ಬಿದ್ದ ಕಬ್ಬನ್ನು ಎಳೆದು ಬದಿಗೆ ಹಾಕತೊಡಗಿದರು. ಜಯಪ್ರಕಾಶ್ ಬೈಕಿನಿಂದ ಇಳಿದು ಮರಿಸಿದ್ದಯ್ಯನ ಹತ್ತಿರ ಬಂದ.

“ನೋಡು ಮರಿಸಿದ್ದಯ್ಯ.” ಇಷ್ಟು ವರ್ಷಗಳಲ್ಲಿ ಅವನು ಪೂರ್ತಿ ಹೆಸರು ಹಿಡಿದು ಕರೆದದ್ದು ಇದೇ ಮೊದಲು. “ಉಡುಗ ತಿಳೀದೆ ಆಡ್ತಾವ್ನೆ. ನೀನು ದೊಡ್ಡೋನು. ನಾನೇ ಜೇಸಿಬಿ ಕಳಿಸ್ತೀನಿ, ನಾಲೆ ಏರೀಲಿ ಆಳವಾಗಿ ಗುಂಡಿ ತೆಗುಸ್ತೀನಿ. ಒತ್ತು ಏರ್ತಾ ಅದೆ. ಪಾಪ, ಆಯಮ್ಮನ್ನ ಎಷ್ಟೊತ್ತು ಬಿಸ್ಲಲ್ಲಿ ಮಡೀಕಂಡಿರ್ತೀಯ? ಎತ್ತು.”

ಮರಿಸಿದ್ದಯ್ಯ ಕೈ ಹೆಗಲಿಗೆ ಒಯ್ದ. ಒಡೆಯನ ಮುಂದೆ ಇಳಿಸುವ ಅಭ್ಯಾಸದಂತೆ ಟವೆಲ್ಲು ಕೆಳಗೆ ಬಂತು. ಒಂದು ಗಳಿಗೆ ಅದನ್ನೇ ನೋಡಿದ. ಆಮೇಲೆ ಹೆಂಡತಿಯ ತಲೆಯ ಬಳಿ ಮಣ್ಣಿನಲ್ಲಿ ಕೂತು, ಅವಳ ಮುಖಕ್ಕೆ ನೆರಳಾಗುವ ಹಾಗೆ ಎರಡೂ ಕೈಯಲ್ಲಿ ಟವೆಲ್ಲು ಹಿಡಿದ.

“ಎತ್ತಾಕಿಲ್ಲ,” ಎಂದ.