ನಿಂತ ಗಾಡಿಯ ದೀಪ

ಗೆಳತಿ ಶೈಲಾ ತೀರಿಕೊಂಡ ಮೇಲೆ ಅವಳ ಕಾರು ನನ್ನ ಅಂಗಳಕ್ಕೆ ಬಂತು. ಇಳಕಲ್ಲಿನಿಂದ ಹುನಗುಂದದ ಕಾಲೇಜಿಗೆ ಅವಳು ಓಡಿಸುತ್ತಿದ್ದಳು, ನಾನು ಎಡಗಡೆ ಕೂತು ಮಾತಾಡುತ್ತಿದ್ದೆ. ನನಗೆ ಕಾರು ನಡೆಸಲು ಬಾರದು. ಸಂಜೆ ಅದೇ ಸೀಟಿನಲ್ಲಿ ದೀಪ ಹಚ್ಚಿಕೊಂಡು ಓದುತ್ತಿದ್ದೆ. ಇದು ಯಾರಿಗೂ ತಿಳಿಯದಿರಲೆಂಬುದೊಂದೇ ನನ್ನ ಆಸೆ.

ಒಂದು ಸಂಜೆ ದೀಪ ಹತ್ತಲಿಲ್ಲ. ಮೆಕ್ಯಾನಿಕ್ ಇಮಾಮಸಾಬ ಬ್ಯಾಟರಿ ಒಯ್ದು, ಚಾರ್ಜ್ ಮಾಡಿ, ಮರುದಿನ ತಂದು ಕೂಡಿಸಿ ಮೀಟರ್ ಹಚ್ಚಿ ನೋಡಿದ. ಪಕ್ಕದ ಮನೆಯ ದಾನೇಶ್ವರಿ ತನ್ನ ಕಟ್ಟೆಗೆ ಬಂದು ನಿಂತಳು.

"ಮಾರಿಬಿಡ್ರಿ ಅಕ್ಕೋರ. ಹಪ್ಪಳ ಒಣಗ್ಸಾಕಷ್ಟ ಬರ್ತೈತಿ ಅದು."

"ಬ್ಯಾಟರಿ ಛಲೋ ಐತ್ರಿ, ಒಳಗಿನ ದೀಪ..." ಎನ್ನುತ್ತಿದ್ದ ಇಮಾಮಸಾಬ ಎಡಗಡೆಯ ಸೀಟಿನಲ್ಲಿ ನನ್ನ ಚಾಳೀಸು, ತೆರೆದ ಪುಸ್ತಕ ಕಂಡು ಮಾತು ತಿರುಗಿಸಿದ. "ಗಾಡಿ ನಿಂತು ನಿಂತು ಚಾರ್ಜ್ ಇಳದೈತ್ರಿ, ಮತ್ತೇನಿಲ್ಲ" ಎಂದ.

ದಾನೇಶ್ವರಿ ಒಳಗೆ ಹೋದ ಮೇಲೆ ದನಿ ತಗ್ಗಿಸಿದ. "ಅಕ್ಕೋರ, ದೀಪ ಭಾಳೊತ್ತು ಹಚ್ಚಬ್ಯಾಡ್ರಿ. ಶುಕ್ರವಾರ ನಾ ಹುನಗುಂದಕ್ಕ ಹೊಂಟೇನಿ, ಇದ್ರಾಗ ಹೋಗೂಣು ಬರ್ರಿ. ಓಡಿದ್ರ ಬ್ಯಾಟರಿ ತುಂಬ್ತೈತಿ."

"ಆತಪಾ" ಎಂದೆ.

ಶುಕ್ರವಾರ ಇನ್ನೂ ದೂರವಿತ್ತು. ಆ ಸಂಜೆಯೂ ಕಾರಿನಲ್ಲಿ ಕೂತೆ, ದೀಪ ಹಚ್ಚದೆ, ಪುಸ್ತಕವನ್ನು ಮನೆಯಲ್ಲೇ ಬಿಟ್ಟು.