ಸುತ್ತಿಗೆಯಿಲ್ಲದ ಕರಿಮನೆ

ಪಿಟ್ಸ್‌ಬರ್ಗ್‌ನ ಕರಿಯರ ಬಡಾವಣೆ ಹಿಲ್‌ನಲ್ಲಿ, ವೈಲಿ ಬೀದಿಯ ಡೆವಿಟ್‌ನ ಕ್ಷೌರದಂಗಡಿಗೆ ಶನಿವಾರ ಮಧ್ಯಾಹ್ನ ಬರುವವರೆಲ್ಲ ಕೂದಲು ಕತ್ತರಿಸಿಕೊಳ್ಳಲು ಬರುತ್ತಾರೆ ಎಂದುಕೊಂಡರೆ ಮೋಸಹೋದಿರಿ. ಅರ್ಧಕ್ಕರ್ಧ ಜನ ಬೋಳುತಲೆಯವರು. ಬರುತ್ತಿದ್ದದ್ದು ರಾಯಲ್ ಹ್ಯಾಸ್ಕೆಟ್‌ನ ಪಿಯಾನೊ ಕೇಳಲು. ಮನುಷ್ಯ ಸತ್ತು ಐದು ವರ್ಷವಾಗಿತ್ತು. ಆದರೆ ಡೆವಿಟ್‌ನ ಹತ್ತಿರ ಅವನ ಹನ್ನೊಂದು ರೆಕಾರ್ಡುಗಳಿದ್ದವು, ಒಂದಕ್ಕೂ ಗೀರಿಲ್ಲ.

ಹ್ಯಾಸ್ಕೆಟ್ ನುಡಿಸುವುದನ್ನು ಮೊದಲ ಸಲ ಕೇಳಿದವರು ಇಬ್ಬರು ಕೂತಿದ್ದಾರೆ ಅಂದುಕೊಳ್ಳುತ್ತಿದ್ದರು. ಎಡಗೈ ಮಂಜುಗಡ್ಡೆ ಹೊರುವ ಆಳಿನ ಹಾಗೆ, ಹಿಲ್‌ನ ಮೆಟ್ಟಿಲುಗಳನ್ನು ಒಂದೇ ಹದದಲ್ಲಿ ಹತ್ತುತ್ತಾ ಹೋಗುತ್ತದೆ, ಏದುಸಿರಿಲ್ಲ, ಎಡವುವುದಿಲ್ಲ. ಬಲಗೈಗೆ ಆ ಜವಾಬ್ದಾರಿಯೇ ಇಲ್ಲ. ಹರಿದ ಚೀಲದಿಂದ ಅವರೆಕಾಳು ಚೆಲ್ಲಿದ ಹಾಗೆ ಸ್ವರಗಳು ಮೇಲಿನಿಂದ ಕೆಳಗೆ ಉರುಳುತ್ತವೆ. ಕೊನೆಗೆ ನೋಡಿದರೆ ಪ್ರತಿ ಕಾಳೂ ತಾನು ಬೀಳಬೇಕಾದ ಮೆಟ್ಟಿಲ ಮೇಲೇ ಬಿದ್ದಿರುತ್ತದೆ. ಅವಸರದಲ್ಲಿ ನುಡಿಸುವವರು ಬೇಕಾದಷ್ಟಿದ್ದರು. ಅಷ್ಟು ಅವಸರದಲ್ಲೂ ಆರಾಮಾಗಿ ಕಾಲು ಚಾಚಿ ಕೂತವನ ಹಾಗೆ ನುಡಿಸುತ್ತಿದ್ದವನು ಇವನೊಬ್ಬನೇ.

ಅದರಲ್ಲೂ 'ನದಿಗೆ ಇಳಿಯುವ ದಾರಿ' ಎಂಬ ಅವನ ರೆಕಾರ್ಡು. ಮೂರನೆಯ ಸುತ್ತಿನಲ್ಲಿ, ಎರಡು ಕೈಗಳೂ ಓಡುತ್ತಿರುವಾಗ, ಹ್ಯಾಸ್ಕೆಟ್ ಇದ್ದಕ್ಕಿದ್ದಂತೆ ನಿಲ್ಲಿಸುತ್ತಾನೆ. ತಾಳದ ಒಂದು, ಎರಡು, ಮೂರು ಏಟಿನ ಜಾಗ ಪೂರ್ತಿ ಖಾಲಿ. ಮತ್ತೆ ಏನೂ ಆಗಿಲ್ಲವೆಂಬಂತೆ ಹೊರಡುತ್ತಾನೆ. ಆ ಖಾಲಿ ಜಾಗಕ್ಕೆ ಜನ 'ಹ್ಯಾಸ್ಕೆಟ್‌ನ ಉಸಿರು' ಎಂದು ಹೆಸರಿಟ್ಟಿದ್ದರು. ಹಿಲ್‌ನಲ್ಲಿ ಪಿಯಾನೊ ಕಲಿತವರೆಲ್ಲ ಅದನ್ನು ನಕಲು ಮಾಡಿದವರೇ, ಒಬ್ಬರಿಗೂ ದಕ್ಕಿರಲಿಲ್ಲ. ಆ ಜಾಗ ಬಂದಾಗ ಡೆವಿಟ್‌ನ ಕತ್ತರಿಯೂ ಗಾಳಿಯಲ್ಲಿ ನಿಲ್ಲುತ್ತಿತ್ತು.

ಅದರ ಅರ್ಥ ಹೇಳುವ ಗುತ್ತಿಗೆ ಎಫ್ರಮ್ ಟಾಲಿವರ್‌ನದು. ಅವನು ಪಿಯಾನೊಗಳಿಗೆ ಶ್ರುತಿ ಮಾಡುವವನು. ಮೂವತ್ತೈದು ವರ್ಷಗಳಿಂದ ಹಿಲ್‌ನ ಮನೆ, ಚರ್ಚು, ಕುಣಿತದ ಹಾಲ್‌ಗಳ ಪಿಯಾನೊಗಳ ಹೊಟ್ಟೆ ಬಿಚ್ಚಿ ನೋಡಿದವನು. ಕಿವಿಯಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಆ ವಿಷಯ ಅವನಿಗೂ ಚೆನ್ನಾಗಿ ಗೊತ್ತಿತ್ತು.

"ನೋಡ್ರಯ್ಯ," ಅನ್ನುತ್ತಿದ್ದ, "ಅದು ದೇವರ ಮುಂದೆ ತಲೆ ಬಗ್ಗಿಸೋ ಜಾಗ. ತನ್ನ ಕೈ ಏನೇನು ಮಾಡ್ಬಲ್ಲದು ಅಂತ ತಾನೇ ನೋಡಿ ಹೆದರಿ ನಿಂತಿದಾನೆ ಅವನು."

"ಹೋದ ವಾರ ಅವರಮ್ಮನ ನೆನಪು ಅಂದಿದ್ದೆ," ಎಂದ ಡೆವಿಟ್.

"ಹೋದ ವಾರ ನೀನು ನನ್ನ ಕಿವಿ ಹತ್ರ ಕುಯ್ದಿದ್ದೆ. ನೋವಲ್ಲಿ ಏನೋ ಹೇಳಿರ್ತೀನಿ."

ಜೂನ್ ತಿಂಗಳ ಅಂಥ ಒಂದು ಶನಿವಾರ ಅಂಗಡಿಯ ಬಾಗಿಲಲ್ಲಿ ಒಡೆಸ್ಸಾ ಕ್ರಮ್ಲಿ ಬಂದು ನಿಂತಳು. ಹೆಂಗಸರು ಆ ಅಂಗಡಿಗೆ ಕಾಲಿಡುವ ರೂಢಿ ಇರಲಿಲ್ಲ. ಅವಳೂ ಕಾಲಿಡಲಿಲ್ಲ, ಬಾಗಿಲು ಹಿಡಿದು ಹೊಸ್ತಿಲ ಮೇಲೇ ನಿಂತಳು.

"ಬಾಗಿಲು ಹಾಕಿ ಸಿಸ್ಟರ್, ನೊಣ ಬರ್ತವೆ," ಎಂದ ಡೆವಿಟ್, ಒಂದೇ ಚರ್ಚಿನವರು ಕರೆಯುವ ಹಾಗೆ.

"ಒಳಗೆ ಕೂತಿರೋದಕ್ಕಿಂತ ಹೆಚ್ಚೇನು ಬರಲ್ಲ ಬಿಡಿ. ಬ್ರದರ್ ಟಾಲಿವರ್, ನೀವು ಹೊರಗೆ ಬರ್ತೀರಾ, ಇಲ್ಲ ಇವರೆದುರಿಗೇ ಹೇಳ್ಲಾ?"

ಟಾಲಿವರ್ ಹೊರಗೆ ಹೋದ. ಯಾಕೆ ಬಂದಿದ್ದಾಳೆಂದು ಅವನಿಗೆ ಗೊತ್ತಿತ್ತು. ಹದಿನೇಳು ವರ್ಷದ ಹಳೆಯ ಕತೆ ಅದು.

ಒಡೆಸ್ಸಾಳ ಗಂಡ ಲೈನಸ್ ರೇಡಿಯೊ ರಿಪೇರಿ ಮಾಡುತ್ತಿದ್ದವನು. ಸಾವಿರದ ಒಂಬೈನೂರ ಮೂವತ್ತೊಂಬತ್ತರ ಏಪ್ರಿಲ್‌ನಲ್ಲಿ ಹ್ಯಾಸ್ಕೆಟ್ ಊರಿಗೆ ಬಂದಿದ್ದ. ಪೇಟೆಯ ಹೋಟೆಲುಗಳು ನಮ್ಮವರಿಗೆ ಕೋಣೆ ಕೊಡದ ಕಾಲ. ಎಷ್ಟೇ ದೊಡ್ಡ ಕಲಾವಿದನಾದರೂ ಹಿಲ್‌ನ ಯಾರದಾದರೂ ಮನೆಯಲ್ಲೇ ಮಲಗಬೇಕು. ಹ್ಯಾಸ್ಕೆಟ್ ಕ್ರಮ್ಲಿಗಳ ಪಕ್ಕದ ಮನೆಯಲ್ಲಿ ಇಳಿದಿದ್ದ. ಭಾನುವಾರ ಊರಿನ ಬಾರುಗಳಿಗೆಲ್ಲ ಬೀಗ, ನುಡಿಸಲು ಎಲ್ಲೂ ಜಾಗವಿಲ್ಲ, ಬೀದಿಯವರೆಲ್ಲ ಚರ್ಚಿನ ವಾರ್ಷಿಕೋತ್ಸವಕ್ಕೆ ನದಿಯಾಚೆ ಹೋಗಿದ್ದಾರೆ. ಕಾಲು ಉಳುಕಿ ಮನೆಯಲ್ಲೇ ಉಳಿದಿದ್ದ ಒಡೆಸ್ಸಾ ಕೋಳಿಸಾರು ಮಾಡಿದ್ದಳು. ವಾಸನೆ ಹಿಡಿದು ಹ್ಯಾಸ್ಕೆಟ್ ಬಂದ, ಮೂರು ತಟ್ಟೆ ತಿಂದ, ಕೈ ಒರೆಸಿಕೊಂಡು ಮುಂದಿನ ಕೋಣೆಯ ಪಿಯಾನೊ ಮುಂದೆ ಕೂತ. ಮನೆಯಲ್ಲೇ ರೆಕಾರ್ಡು ಕೊರೆಯುವ ಯಂತ್ರವೊಂದು ಲೈನಸ್‌ನ ಬಳಿ ರಿಪೇರಿಗೆ ಬಂದಿತ್ತು. ಅವನು ಅದನ್ನು ಚಾಲೂ ಮಾಡಿದ.

ಆ ವಾರ ಲೈನಸ್ ಡೆವಿಟ್‌ನ ಅಂಗಡಿಯಲ್ಲಿ ಇದನ್ನೆಲ್ಲ ಹೇಳಿದಾಗ ಎದ್ದು ನಿಂತವನು ಟಾಲಿವರ್. "ಯಾವ ಪಿಯಾನೊ? ನಾನು ಶನಿವಾರ ಶ್ರುತಿ ಮಾಡಿದ್ದಾ? ಅದರ ನಡುಮಧ್ಯದ ಇ-ಫ್ಲ್ಯಾಟಿನ ತಂತಿಗೆ ಹೊಡೆಯೋ ಸುತ್ತಿಗೆ ಮುರಿದು ಭಾನುವಾರ ಪೂರ್ತಿ ನನ್ನ ಚೀಲದಲ್ಲಿತ್ತು. ಹಲ್ಲಿಲ್ಲದ ಪಿಯಾನೊ ಮೇಲೆ ಹ್ಯಾಸ್ಕೆಟ್ ಕೈ ಇಡ್ತಾನೇನಯ್ಯ? ಅದೂ 'ನದಿಗೆ ಇಳಿಯುವ ದಾರಿ'ಯಂಥ ಹಾಡು?" ಅವನ ಮಾತಿನಲ್ಲೂ ಹುರುಳಿತ್ತು. ಇ-ಫ್ಲ್ಯಾಟ್ ಎಂಬ ಆ ಕರಿಮನೆಯೇ, ಅಂದರೆ ಬೆರಳೊತ್ತುವ ಆ ಕಪ್ಪು ಪಟ್ಟಿಯೇ, ಆ ಹಾಡಿಗೆ ಪಂಚಮ. ಪಂಚಮವನ್ನು ಮುಟ್ಟದೆ ಹಾಡು ಅಂದರೆ ನೀರು ಮುಟ್ಟದೆ ಈಜು ಅಂದ ಹಾಗೆ. ಅಂಗಡಿಯೆಲ್ಲ ನಕ್ಕಿತು. ಲೈನಸ್ ರೆಕಾರ್ಡನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಂದಿದ್ದ. ಹಾಗೇ ವಾಪಸ್ಸು ತೆಗೆದುಕೊಂಡು ಹೋದ. ಅಂದಿನಿಂದ ಅವನ ಹೆಸರು 'ಸುಳ್ಳು ಲೈನಸ್'. ಮೂರು ವರ್ಷದ ಹಿಂದೆ ಅವನ ಶವಸಂಸ್ಕಾರದಲ್ಲಿ ಪಾದ್ರಿ "ಸತ್ಯವಂತ" ಎಂದಾಗ ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಒಡೆಸ್ಸಾಳಿಗೆ ಅದು ಕೇಳಿಸಿತ್ತು.

"ಸರ್ಕಾರದೋರು ನಮ್ಮ ಬೀದಿ ಮನೆಗಳನ್ನೆಲ್ಲ ಒಡೀತಾರೆ, ಗೊತ್ತಲ್ಲ," ಎಂದಳು ಅವಳು ಈಗ. "ಇನ್ನು ಎರಡು ವಾರ. ನಾನು ತಂಗಿ ಮನೆಗೆ ಹೋಗ್ತಿದೀನಿ, ಮೂರನೇ ಮಹಡಿ. ಪಿಯಾನೊ ಅಲ್ಲಿಗೆ ಹತ್ತಲ್ಲ."

"ಚರ್ಚಿಗೆ ತಗೊಳ್ಳಿ ಅಂತ ಕೇಳೋಕೆ ಬಂದ್ರಾ? ಹಳೇ ಪೆಟ್ಟಿಗೆ ಅದು ಸಿಸ್ಟರ್."

"ಪೆಟ್ಟಿಗೆ ಸೌದೆಗೆ ಹೋಗ್ಲಿ. ನನ್ನ ಗಂಡನ ಹೆಸರು ಸೌದೆಗೆ ಹೋಗೋದು ಬೇಡ. ಪಿಯಾನೊ ಇರೋವಾಗ್ಲೇ ನೀವು ಬಂದು ಆ ರೆಕಾರ್ಡು ಕೇಳ್ಬೇಕು. ಸುಳ್ಳಾದ್ರೆ ಸುಳ್ಳು ಅನ್ನಿ, ನನ್ನ ಮುಖಕ್ಕೇ ಹೇಳಿ. ಇಷ್ಟು ವರ್ಷ ಕೇಳದೇ ಹೇಳಿದ್ರಲ್ಲ, ಒಂದ್ಸಲ ಕೇಳಿ ಹೇಳಿ."

ಮರುದಿನ ಚರ್ಚಿನ ಪ್ರಾರ್ಥನೆ ಮುಗಿಸಿ, ಅದೇ ಸೂಟಿನಲ್ಲಿ, ಚೀಲ ಹಿಡಿದುಕೊಂಡು ಟಾಲಿವರ್ ಹೋದ. ಮನೆಯೆಲ್ಲ ರಟ್ಟಿನ ಡಬ್ಬಗಳು. ಪಿಯಾನೊ ಮಾತ್ರ ಇದ್ದಲ್ಲೇ ಇತ್ತು. ಒಡೆಸ್ಸಾ ಅವನ ಮುಂದೆ ಗೆಣಸಿನ ಪೈ ಇಟ್ಟಳು. ಸಿಟ್ಟು ಬೇರೆ, ಮನೆಗೆ ಬಂದವರಿಗೆ ತಿನ್ನಲು ಕೊಡುವುದು ಬೇರೆ. ಆಮೇಲೆ ದಿಂಬಿನ ಚೀಲದೊಳಗಿಂದ ರೆಕಾರ್ಡು ತೆಗೆದಳು. ಅದರ ನಡುವೆ ಅಂಟಿಸಿದ ಕಾಗದದ ಮೇಲೆ ಲೈನಸ್‌ನ ಅಚ್ಚುಕಟ್ಟಾದ ಅಕ್ಷರ: ಭಾನುವಾರ, ಏಪ್ರಿಲ್ ಹದಿನಾರು, ಹ್ಯಾಸ್ಕೆಟ್, ನಮ್ಮ ಮನೆ.

"ಇದು ಅಂಗಡೀಲಿ ಸಿಗೋ ರೆಕಾರ್ಡಲ್ಲ. ಮೆದು. ಒಂದೊಂದು ಸಲ ಹಾಕಿದಾಗ್ಲೂ ಮುಳ್ಳು ಒಂದಿಷ್ಟು ಕೆರ್ಕೊಂಡು ಹೋಗತ್ತೆ. ವರ್ಷಕ್ಕೊಂದು ಸಲ ಹಾಕ್ತಿದ್ವಿ, ಅವರು ಹೋದ್ಮೇಲೆ ಅದೂ ಇಲ್ಲ. ಒಂದೇ ಸಲ ಹಾಕ್ತೀನಿ. ಇನ್ನೊಂದ್ಸಲ ಅಂತ ಕೇಳ್ಬೇಡಿ."

"ನನಗೆ ಒಂದು ಸಲ ಸಾಕು," ಎಂದ ಟಾಲಿವರ್, ಎಂದಿನ ಜಂಬದಲ್ಲಿ.

ಮೊದಲು ಬರೀ ಕರಕರ. ಎಲ್ಲೋ ತಟ್ಟೆಗಳ ಸದ್ದು, ಕುರ್ಚಿ ಎಳೆದ ಸದ್ದು. ಆಮೇಲೆ ಯಾರೋ ಕೆಳಗಿನಿಂದ ಮೇಲಿನವರೆಗೆ ಪಿಯಾನೊದ ಮನೆಗಳ ಮೇಲೆ ಬೆರಳು ಓಡಿಸಿದರು, ಬಾಗಿಲಿಗೆ ಬಣ್ಣ ಒಣಗಿದೆಯೇ ಎಂದು ನೋಡುವ ಹಾಗೆ. ನಡುವೆ ಒಂದು ಕಡೆ ಸ್ವರ ಬರಲಿಲ್ಲ. 'ಟಕ್' ಅಂದಿತು, ಒಣ ಮರದ ಸದ್ದು. ಗಂಡಸೊಬ್ಬ ಮೆಲ್ಲಗೆ ನಕ್ಕ.

ಟಾಲಿವರ್ ಪೈ ತಟ್ಟೆಯನ್ನು ಕೆಳಗಿಟ್ಟ.

ಎಡಗೈ ಹೊರಟಿತು. ನಾಲ್ಕು ಹೆಜ್ಜೆ ಕೇಳುವಷ್ಟರಲ್ಲಿ ಅವನ ತೋಳಿನ ಕೂದಲು ನಿಂತವು. ಆ ಕೈ ಯಾರದೆಂದು ಕೇಳುವ ಅಗತ್ಯವೇ ಇರಲಿಲ್ಲ. ಅಮ್ಮನ ಕೆಮ್ಮನ್ನು ಗೋಡೆಯಾಚೆಯಿಂದ ಗುರುತಿಸುವ ಹಾಗೆ ಗುರುತಿಸಿದ. ಆದರೂ ಅವನ ಕಿವಿ ಹುಡುಕುತ್ತಿದ್ದದ್ದು ಇ-ಫ್ಲ್ಯಾಟನ್ನು. ಎಲ್ಲಿ ತೂತು ಕಾಣುತ್ತದೆ, ಎಲ್ಲಿ ಎಡವುತ್ತಾನೆ ಎಂದು ಕಾದ.

ಎಡವಲಿಲ್ಲ. ಮೊದಲ ಸುತ್ತು ಪೂರ್ತಿ ಆ ಮನೆಯ ಹತ್ತಿರಕ್ಕೂ ಹೋಗಲಿಲ್ಲ. ಕತ್ತಲಲ್ಲಿ ಮೇಜಿಗೆ ಒಮ್ಮೆ ಮೊಣಕಾಲು ಬಡಿಸಿಕೊಂಡವನು ಮತ್ತೆ ಅದನ್ನು ಬಳಸಿಕೊಂಡು ನಡೆಯುವ ಹಾಗೆ; ಆದರೆ ಓಡುತ್ತಾ, ಕೈಯಲ್ಲಿ ತುಂಬಿದ ಲೋಟ ಹಿಡಿದು, ಒಂದು ಹನಿ ಚೆಲ್ಲದೆ. ಪಂಚಮ ಬೇಕಾದಾಗ ಮೇಲಿನ ಮನೆಯದನ್ನು ಕರೆದುಕೊಂಡು ಬಂದ, ಕೆಳಗಿನದನ್ನು ಎಬ್ಬಿಸಿದ. ಮೂವತ್ತೈದು ವರ್ಷದ ಕಿವಿ ಹೊತ್ತ ಟಾಲಿವರ್‌ನಿಗೆ ಒಂದು ಕಡೆಯೂ ಹಲ್ಲಿಲ್ಲದ ಬಾಯಿ ಕಾಣಲಿಲ್ಲ.

ಎರಡನೆಯ ಸುತ್ತಿನಲ್ಲಿ ಹ್ಯಾಸ್ಕೆಟ್‌ನಿಗೆ ಚೇಷ್ಟೆ ಹತ್ತಿತು. ಆ ಸತ್ತ ಮನೆಯ ಪಕ್ಕದವರೆಗೂ ಬರುತ್ತಾನೆ, ಹಿಂದಕ್ಕೆ ಹಾರುತ್ತಾನೆ. ಮೇಲಿನಿಂದ ಬಂದು ಇಣುಕುತ್ತಾನೆ, ಕೆಳಗಿನಿಂದ ಬಂದು ಇಣುಕುತ್ತಾನೆ. ಎರಡೂ ಕಡೆಯಿಂದ ಅಷ್ಟು ಸಲ ತೋರಿಸಿದ ಮೇಲೆ ಟಾಲಿವರ್‌ನಿಗೆ ನಡುವಿನ ಸ್ವರ ಕೇಳಿಸತೊಡಗಿತು. ತಂತಿಗೆ ಹೊಡೆಯುವ ಸುತ್ತಿಗೆ ಅಂದು ತನ್ನ ಚೀಲದಲ್ಲಿತ್ತು; ಆ ಸ್ವರ ಆ ಕೋಣೆಯಲ್ಲಿ ಹುಟ್ಟುವ ದಾರಿಯೇ ಇಲ್ಲ; ಆದರೂ ಸ್ಪಷ್ಟವಾಗಿ ಕೇಳಿಸಿತು.

ಮೂರನೆಯ ಸುತ್ತು. ಎರಡೂ ಕೈ ಓಡುತ್ತಿವೆ. ಆ ಜಾಗ ಬರುತ್ತಿದೆ ಎಂದು ಟಾಲಿವರ್‌ನಿಗೆ ಗೊತ್ತು. ಎಲ್ಲವೂ ನಿಂತಿತು. ಆ ಮೌನದ ನಟ್ಟನಡುವೆ, ಮೂರು ಏಟಿಗೆ ಸರಿಯಾಗಿ: ಟಕ್. ಟಕ್. ಟಕ್.

ಸತ್ತ ಮನೆಯನ್ನೇ ಹುಡುಕಿ, ಇಡೀ ಹಾಡಿನಲ್ಲಿ ಮೊದಲ ಸಲ, ಬೇಕೆಂದೇ ಹೊಡೆದಿದ್ದ. ಯಾರೋ ಬಾಗಿಲು ತಟ್ಟಿದ ಹಾಗೆ. ಮತ್ತೆ ಎರಡೂ ಕೈ ಸೇರಿ ಓಟ, ಲೈನಸ್‌ನ ಗಂಟಲಿನ ಜೋರು ನಗು, ಒಡೆಸ್ಸಾಳ ಎಳೆಯ ದನಿ ಏನೋ ಅಂದಿತು, ರೆಕಾರ್ಡು ಮುಗಿಯಿತು.

ಟಾಲಿವರ್ ಎದ್ದು, ಕೇಳದೆಯೇ ಪಿಯಾನೊದ ಮುಂದಿನ ಹಲಗೆ ಕಳಚಿದ, ನಡುಮಧ್ಯದ ಇ-ಫ್ಲ್ಯಾಟಿನ ಮನೆಯನ್ನು ಎಳೆದು ಹೊರತೆಗೆದ. ಶ್ರುತಿ ಮಾಡುವವರು ಮನೆಗಳ ಮರದ ಮೈಮೇಲೆ, ಯಾರಿಗೂ ಕಾಣದ ಕಡೆ, ಪೆನ್ಸಿಲಿನಲ್ಲಿ ತಾರೀಕು ಬರೆದಿಡುತ್ತಾರೆ. ಅಲ್ಲಿತ್ತು, ಅವನದೇ ಕೈಬರಹ. 'ಏಪ್ರಿಲ್ 15. ಸುತ್ತಿಗೆ ಒಯ್ದಿದ್ದೇನೆ. ಇ.ಟಿ.' ಅದರ ಕೆಳಗೆ, 'ಏಪ್ರಿಲ್ 18. ಹಾಕಿದೆ.'

ಲೈನಸ್‌ನ ತಾರೀಕು ಆ ಎರಡರ ನಡುವೆ ಕೂತಿತ್ತು.

"ಹದಿನೇಳು ವರ್ಷ," ಎಂದ ಟಾಲಿವರ್, "ಆ ಮನೆ ಸತ್ತಿತ್ತು, ಅದಕ್ಕೇ ಅವನು ನುಡಿಸಿರಲ್ಲ ಅಂದೆ. ಮನೆ ಸತ್ತಿದ್ದಕ್ಕೇ ಹಾಗೆ ನುಡಿಸಿದಾನೆ."

"ಅವತ್ತು ಹ್ಯಾಸ್ಕೆಟ್ ಏನಂದ್ರು ಗೊತ್ತಾ?" ಎಂದಳು ಒಡೆಸ್ಸಾ. ಅವಳ ಕಣ್ಣು ರೆಕಾರ್ಡಿನ ಮೇಲಿತ್ತು. "ಇದನ್ನ ರಿಪೇರಿ ಮಾಡೋನು ಯಾವಾಗ ಬರ್ತಾನೆ ಅಂತ ಕೇಳಿದ್ರು. ಸೋಮವಾರವೋ ಮಂಗಳವಾರವೋ ಅಂದೆ. ಹಾಗಾದ್ರೆ ಅದೃಷ್ಟ ಚೆನ್ನಾಗಿದೆ, ಇವತ್ತೇ ಬಂದೆ ಅಂದ್ರು."

ಟಾಲಿವರ್ ಮನಸ್ಸಿನಲ್ಲೇ ತಾಳೆ ಹಾಕಿದ. ಆ ವರ್ಷದ ಚಳಿಗಾಲದ ಹೊತ್ತಿಗೆ ಹ್ಯಾಸ್ಕೆಟ್ ನ್ಯೂಯಾರ್ಕಿನಲ್ಲಿ, ಎಂಬತ್ತೆಂಟು ಮನೆಯೂ ಜೀವಂತವಿದ್ದ ಪಿಯಾನೊ ಮೇಲೆ, ಅದೇ ಹಾಡನ್ನು ರೆಕಾರ್ಡು ಮಾಡಿದ್ದ. ಸತ್ತ ಮನೆ ಅಲ್ಲಿರಲಿಲ್ಲ. ಅದಕ್ಕೆ ಆ ಮೂರು ಏಟಿನ ಜಾಗವನ್ನು ಖಾಲಿ ಬಿಟ್ಟಿದ್ದ. ಬೇರೆ ಏನನ್ನೂ ಅಲ್ಲಿ ಇಡಲು ಅವನಿಗೆ ಮನಸ್ಸಾಗಿರಲಿಲ್ಲ.

"ಸಿಸ್ಟರ್ ಕ್ರಮ್ಲಿ, ನನ್ನನ್ನ ಕ್ಷಮಿಸಿ."

"ನನ್ನ ಹತ್ರ ಯಾಕೆ ಕೇಳ್ತೀರಾ? ಎಲ್ಲಿ ಹೇಳಿದ್ರೋ ಅಲ್ಲೇ ವಾಪಸ್ ತಗೊಳ್ಳಿ. ಪೈ ಮುಗಿಸಿ, ದಂಡ ಮಾಡ್ಬೇಡಿ."

ಮುಂದಿನ ಶನಿವಾರ ಡೆವಿಟ್‌ನ ಅಂಗಡಿಯಲ್ಲಿ ಎಂದಿನ ಜನ. ಒಡೆಸ್ಸಾ ಬಾಗಿಲು ಹಿಡಿದು ಹೊಸ್ತಿಲ ಮೇಲೆ ನಿಂತಿದ್ದಳು. ಈ ಸಲ ಡೆವಿಟ್ ನೊಣದ ಮಾತೆತ್ತಲಿಲ್ಲ. ಟಾಲಿವರ್ ಅರ್ಧ ನೊರೆ ಹಚ್ಚಿದ ಮುಖದಲ್ಲಿ ಕುರ್ಚಿಯಲ್ಲಿದ್ದ.

"'ನದಿಗೆ ಇಳಿಯುವ ದಾರಿ' ಹಾಕು," ಎಂದ.

ರೆಕಾರ್ಡು ತಿರುಗಿತು. ಮೊದಲ ಸುತ್ತು. ಎರಡನೆಯದರಲ್ಲಿ ಹ್ಯಾಸ್ಕೆಟ್ ಎರಡೂ ಕಡೆಯಿಂದ ಇಣುಕುತ್ತಿದ್ದದ್ದು ಟಾಲಿವರ್‌ನಿಗೆ ಇಂದು ಮೊದಲ ಸಲ ಕೇಳಿಸಿತು. ಇಷ್ಟು ವರ್ಷ ಕಿವಿಯ ಮುಂದೆಯೇ ಇತ್ತು. ಮೂರನೆಯ ಸುತ್ತು. ಕೈಗಳು ನಿಂತವು. ಕತ್ತರಿ ನಿಂತಿತು. ಆ ಖಾಲಿಯಲ್ಲಿ ಟಾಲಿವರ್ ಬೆರಳ ಗೆಣ್ಣಿನಿಂದ ಕುರ್ಚಿಯ ಮರದ ಕೈಗೆ ಹೊಡೆದ: ಟಕ್. ಟಕ್. ಟಕ್.

ಹಾಡು ಮುಂದೆ ಓಡಿತು. ಆ ಜಾಗ ತುಂಬಿದ ಮೇಲೆ ಅದು ಬೇರೆಯೇ ಹಾಡಾಗಿತ್ತು. ಬೋಳುತಲೆಗಳೆಲ್ಲ ಒಮ್ಮೆಗೇ ಇತ್ತ ತಿರುಗಿದವು.

"ಏನಯ್ಯ ಅದು?" ಎಂದ ಡೆವಿಟ್, ಪಿಸುದನಿಯಲ್ಲಿ. "ಉಸಿರಿನ ಮೇಲೆ ಯಾಕೆ ಬಡಿದೆ?"

"ಉಸಿರಲ್ಲ ಅದು. ಲೈನಸ್ ಕ್ರಮ್ಲಿಯ ಪಿಯಾನೊ. ನಾನು ಸುತ್ತಿಗೆ ತಗೊಂಡು ಹೋಗಿದ್ದ ಕರಿಮನೆ ಸದ್ದು. ಲೈನಸ್ ಹೇಳಿದ್ದು ಅಕ್ಷರಕ್ಕಕ್ಷರ ನಿಜ. ಸುಳ್ಳು ಹೇಳಿದೋನು ನಾನು, ಇದೇ ಕುರ್ಚೀಲಿ ಕೂತು, ಹದಿನೇಳು ವರ್ಷ. ಆ ಪಿಯಾನೊ ಬುಧವಾರ ಚರ್ಚಿಗೆ ಬರತ್ತೆ. ಹೊರೋಕೆ ಆರು ಜನ ಬೇಕು. ನಕ್ಕಿದ್ದೋರೆಲ್ಲ ಕೈ ಎತ್ತಿ."

ಮೊದಲು ಡೆವಿಟ್ ಕೈ ಎತ್ತಿದ, ಕತ್ತರಿ ಹಿಡಿದ ಕೈಯನ್ನೇ. ಆಮೇಲೆ ಒಂದೊಂದಾಗಿ ಒಂಬತ್ತು.

ಒಡೆಸ್ಸಾ ಎಣಿಸಿದಳು. "ಬುಧವಾರ ಬೆಳಿಗ್ಗೆ ಎಂಟಕ್ಕೆ," ಎಂದಳು. "ಊಟ ನಂದು. ಕೋಳಿಸಾರು." ಬಾಗಿಲು ಬಿಡುವ ಮುನ್ನ ಒಂದು ಕ್ಷಣ ತಡೆದಳು. "ಬ್ರದರ್ ಡೆವಿಟ್, ಅದನ್ನ ಇನ್ನೊಂದ್ಸಲ ಹಾಕಿ. ಅಂಗಡಿ ರೆಕಾರ್ಡು ಅಷ್ಟು ಬೇಗ ಸವೆಯಲ್ಲ ಅಲ್ವಾ."

ಡೆವಿಟ್ ಮುಳ್ಳನ್ನು ಎತ್ತಿ ಮತ್ತೆ ಮೊದಲಿಗೆ ಇಟ್ಟ. ಮೂರನೆಯ ಸುತ್ತಿನಲ್ಲಿ ಅಂಗಡಿಯ ಗಂಡಸರೆಲ್ಲ ಸಿಕ್ಕ ಮರಕ್ಕೆ ಬೆರಳ ಗೆಣ್ಣು ಬಡಿದರು. ಹೊಸ್ತಿಲ ಮೇಲೆ ನಿಂತವಳು ಬಾಗಿಲಿಗೇ ಬಡಿದಳು.