ಅಮ್ಮ ನಿಲ್ಲಬೇಕಿದ್ದ ಜಾಗ

ಮದುವೆಯೇನೋ ಆಯಿತು, ಆದರೆ ಮಗಳು ಇನ್ನೂ ಅಪ್ಪನ ಮನೆಯಲ್ಲೇ ಇದ್ದಳು. ಬೀದಿಯವರು ಬಿಡುತ್ತಾರೆಯೇ?

"ಏನ್ ಸ್ಟುಡಿಯೋದವ್ರೇ, ಅಳಿಯ ಒಬ್ರೇ ವಾಪಸ್ ಹೋದ್ರಂತೆ?"

"ಗಂಡ ಹೆಂಡ್ತಿ ಒಪ್ಪಿದ್ರೆ ಸಾಕಾ? ಅಲ್ಲಿನ ಸರ್ಕಾರನೂ ಒಪ್ಪಬೇಕು. ವೀಸಾ ಬರ್ಲಿ, ಕಳಿಸ್ತೀನಿ" ಎಂದು ಫೋಟೋ ಸ್ಟುಡಿಯೋ ನಡೆಸುವ ಅಪ್ಪ ನಗುತ್ತಿದ್ದರು. ಒಳಗೊಳಗೇ ಪುಕುಪುಕು.

ಅಳಿಯ ಪರದೇಶದವನು. ಇಲ್ಲಿನ ಆಸ್ಪತ್ರೆಗೆ ಲಿಫ್ಟ್ ಕೂರಿಸಲು ಬಂದ ಮೆಕ್ಯಾನಿಕ್. ಗುರುತಿನ ಚೀಟಿಗೆ ಫೋಟೋ ಬೇಕೆಂದು ಸ್ಟುಡಿಯೋ ಮೆಟ್ಟಿಲು ಹತ್ತಿದ್ದ. ಅವತ್ತು ಕ್ಯಾಮೆರಾ ಹಿಡಿದವಳು ಮಗಳು. ಕ್ಲಿಕ್ ಎನ್ನುವಾಗಲೆಲ್ಲ ಆಸಾಮಿ ಕಣ್ಣು ಮುಚ್ಚಿಬಿಡುತ್ತಿದ್ದ. "ನಾಳೆ ಬನ್ನಿ" ಎಂದಳು. ನಾಳೆಯೂ ಬಂದ, ನಾಡಿದ್ದೂ ಬಂದ. ಒಂದು ಫೋಟೋ ನೆಟ್ಟಗಾಗುವಷ್ಟರಲ್ಲಿ ಮದುವೆ ಮಾತೇ ಬಂತು.

ಆ ಸ್ಟುಡಿಯೋ ಹಳೆಯದು. ಕಂಬ, ಮೆಟ್ಟಿಲು ಬರೆದ ಬಣ್ಣದ ಪರದೆ, ಎತ್ತರದ ಸ್ಟೂಲು, ಫಿಲ್ಮ್ ತೊಳೆಯುವ ಡಾರ್ಕ್‌ರೂಮಿನ ಹುಳಿ ವಾಸನೆ. ಒಂದು ಕಾಲದಲ್ಲಿ ಅಲ್ಲಿ ಲೈಟು ಹಿಡಿದು ನಿಲ್ಲುತ್ತಿದ್ದವಳು ಅವರ ಹೆಂಡತಿ. "ಅಯ್ಯೋ, ಫೋಟೋಗೆ ದುಡ್ಡು ಕೊಟ್ಟಿದ್ದೀರಿ, ನಗೋಕೇನು ಖರ್ಚು?" ಎಂದು ಎಂಥ ಗಂಟುಮೋರೆಯವರನ್ನೂ ನಗಿಸುತ್ತಿದ್ದಳು. ಮಗಳಿನ್ನೂ ಸ್ಲೇಟು ಹಿಡಿಯುವ ವಯಸ್ಸಿನಲ್ಲಿದ್ದಾಗಲೇ ಆಕೆ ತೀರಿಕೊಂಡಳು. ಸದಾ ಲೈಟಿನ ಹಿಂದೆ ಇದ್ದವಳಾದ್ದರಿಂದ ಅವಳ ಫೋಟೋಗಳೇ ಕಡಿಮೆ.

ಇಲ್ಲದವರನ್ನು ಇರುವವರ ನಡುವೆ ತಂದು ನಿಲ್ಲಿಸುವುದರಲ್ಲಿ ಅವರದು ಎತ್ತಿದ ಕೈ. ತೀರಿಹೋದ ಅಜ್ಜ, ಬರಲಾಗದ ಅಣ್ಣ, ಯಾರೇ ಇರಲಿ. ಗುಂಪಿನ ಫೋಟೋ ತೆಗೆಯುವಾಗಲೇ "ಅಲ್ಲೊಂದು ಆಳಿನ ಜಾಗ ಬಿಡಿ, ಅವ್ರೂ ಬರ್ತಾರೆ" ಎನ್ನುತ್ತಿದ್ದರು. ಆಮೇಲೆ ಹಳೆಯ ಫೋಟೋ ಕತ್ತರಿಸಿ, ಅಂಟಿಸಿ, ಕುಂಚದಲ್ಲಿ ತಿದ್ದಿದರೆ ಮುಗಿಯಿತು. ಈಗ ಅದೇ ಕೆಲಸ ಕಂಪ್ಯೂಟರಿನಲ್ಲಿ.

ಮಗಳ ಮದುವೆಯ ಫೋಟೋದಲ್ಲೂ ಹಾಗೇ ಜಾಗ ಬಿಡಿಸಿದ್ದರು. ವೀಸಾ ಅರ್ಜಿಗೆ ಮದುವೆ ಫೋಟೋ ಬೇಕು ಎಂದಾಗ ಆ ಜಾಗದಲ್ಲಿ ಹೆಂಡತಿಯನ್ನು ನಿಲ್ಲಿಸಿದರು. ಹಾಗೆಯೇ ಅದರಲ್ಲಿ ಮುಚ್ಚಿದ್ದ ಅಳಿಯನ ಕಣ್ಣನ್ನೂ ತೆರೆಸಿದರು.

ಅರ್ಜಿ ಕಳಿಸುವ ಮುಂಚೆ ನೋಡಿಕೊಡಲು ಪಕ್ಕದ ಮನೆಯ ವಕೀಲಕ್ಕ ಬಂದಳು. ಉಚಿತ ಕಾನೂನು ನೆರವು ಕೇಂದ್ರದಲ್ಲಿ ಅವಳ ಕೆಲಸ. ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು.

"ಮಾವ, ಇದರಲ್ಲಿ ಅತ್ತೆ ಇದ್ದಾರೆ."

"ಇರ್ಬೇಕಲ್ಲಮ್ಮ, ಮಗಳ ಮದುವೆ!"

"ಅರ್ಜಿಲಿ 'ತಾಯಿ ತೀರಿಕೊಂಡಿದ್ದಾರೆ' ಅಂತ ಬರೆದಿದೆ. ಫೋಟೋದಲ್ಲಿ ತಾಯಿ ನಗ್ತಾ ನಿಂತಿದ್ದಾರೆ. ನೋಡೋ ಅಧಿಕಾರಿ ಏನಂತ ತಿಳ್ಕೋತಾರೆ?"

"ಜೀವಮಾನ ಪೂರ್ತಿ ಇದೇ ಮಾಡಿದ್ದೀನಿ. ಯಾರೂ ಸುಳ್ಳು ಅಂದಿಲ್ಲ."

"ನಮ್ಮ ಮನೆ ಗೋಡೆಗೆ ಅದು ಸುಳ್ಳಲ್ಲ ಮಾವ. ಚಿಕ್ಕಂದಿನ ಫೋಟೋದಲ್ಲಿ ನನ್ನ ಬಿದ್ದ ಹಲ್ಲನ್ನೂ ನೀವೇ ಬರೆದುಕೊಟ್ಟೋರು, ನಮ್ಮಮ್ಮ ಇವತ್ತಿಗೂ ತೋರಿಸ್ತಾರೆ. ಆದ್ರೆ ಅಲ್ಲಿನವರಿಗೆ ನಾವ್ಯಾರೋ. ಒಂದು ಫೋಟೋ ತಿದ್ದಿದ್ದು ಅಂತ ಗೊತ್ತಾದ್ರೆ ಮದುವೆನೇ ನಾಟಕ ಅಂದ್ಕೋಬಹುದು. ಅರ್ಜಿ ತಳ್ಳಿಹಾಕಬಹುದು, ಮುಂದೆ ಹಾಕೋ ಅರ್ಜಿಗೂ ಕಲ್ಲು ಬೀಳಬಹುದು."

"ಹಾಗಾದ್ರೆ ಅವಳ ಅಮ್ಮನ್ನ ನನ್ನ ಕೈಯಾರೆ ಅಳಿಸ್ಬೇಕಾ?" ಎಂದರು ಅಪ್ಪ.

ಮಗಳು ಬಂದು ಪಕ್ಕದಲ್ಲಿ ಕುಳಿತಳು. "ಅಳಿಸೋದು ಬೇಡಪ್ಪ. ಈ ಫೋಟೋ ನನ್ನ ಪೆಟ್ಟಿಗೇಲಿ ಬರ್ಲಿ. ಸರ್ಕಾರಕ್ಕೆ ನೀನು ತೆಗೆದಿದ್ದು ಹೇಗಿತ್ತೋ ಹಾಗೇ ಕೊಡೋಣ."

"ಅದರಲ್ಲಿ ನಿನ್ನ ಗಂಡ ಕಣ್ಣು ಮುಚ್ಚಿದ್ದಾನಲ್ಲೇ!"

"ಅವ್ರು ಇರೋದೇ ಹಾಗೆ" ಎಂದು ನಕ್ಕಳು. ಅಪ್ಪನಿಗೆ ಅವಳ ಅಮ್ಮನೇ ನಕ್ಕ ಹಾಗಾಯಿತು. ಕಣ್ಣೊರೆಸಿಕೊಂಡು ತಿದ್ದುವ ಮುಂಚಿನ ಪ್ರತಿಯನ್ನೇ ಮುದ್ರಿಸಿಕೊಟ್ಟರು.

ವಕೀಲಕ್ಕ ಹೊರಡುವ ಮುಂಚೆ ಮಗಳಿಗೆ ಹೇಳಿದಳು: "ಅಲ್ಲಿ ಹೋದ್ಮೇಲೂ ಪಾಸ್‌ಪೋರ್ಟ್ ನಿನ್ನ ಹತ್ರನೇ ಇರ್ಲಿ. ಗಂಡ ಚಿನ್ನದಂಥವನಾದ್ರೂ ಸರಿ. ಎಲ್ಲ ಕಾಗದದ ಪ್ರತಿ ಅಪ್ಪನ ಹತ್ರ ಬಿಟ್ಟು ಹೋಗು. ಕಷ್ಟ ಬಂದ್ರೆ ಯಾರಿಗೆ ಫೋನ್ ಮಾಡ್ಬೇಕು ಅಂತ ಇಲ್ಲಿಂದಲೇ ತಿಳ್ಕೊಂಡು ಹೋಗು."

ಸಂದರ್ಶನದ ದಿನ ಅಧಿಕಾರಿ ಫೋಟೋವನ್ನು ಬೆಳಕಿಗೆ ಹಿಡಿದು ಕೇಳಿದರಂತೆ: "ನಿಮ್ಮ ಪಕ್ಕ ಯಾಕೆ ಇಷ್ಟು ಜಾಗ ಖಾಲಿ?"

"ಅಲ್ಲಿ ನಮ್ಮಮ್ಮ ನಿಲ್ಲಬೇಕಿತ್ತು" ಎಂದಳಂತೆ ಮಗಳು. ಅಪ್ಪನ ಅಭ್ಯಾಸವನ್ನೂ, ಗಂಡನ ಕಣ್ಣಿನ ಕಥೆಯನ್ನೂ ಇದ್ದದ್ದು ಇದ್ದ ಹಾಗೆ ಹೇಳಿದಳು. ಕೆಲವು ವಾರಗಳಲ್ಲಿ ವೀಸಾ ಬಂತು.

ಹೊರಡುವ ಬೆಳಿಗ್ಗೆ ಅಪ್ಪ ಅವಳನ್ನು ಆ ಸ್ಟೂಲಿನ ಮೇಲೆ ಕೂರಿಸಿ ಒಂದು ಫೋಟೋ ತೆಗೆದರು. ರೂಢಿಯಂತೆ ಪಕ್ಕದಲ್ಲಿ ಒಂದು ಆಳಿನ ಜಾಗ ಬಿಟ್ಟಿದ್ದರು. "ಇದು ಯಾರಿಗಪ್ಪಾ?" ಎಂದಳು.

"ನನಗೆ ಕಣಮ್ಮ. ಆದ್ರೆ ಇದರಲ್ಲಿ ನಾನು ಅಂಟಿಸ್ಕೊಳ್ಳಲ್ಲ. ನೀನು ಬಂದಾಗ ಪಕ್ಕದಲ್ಲೇ ನಿಂತು ಇನ್ನೊಂದು ತೆಗೆಸ್ಕೊಳ್ತೀನಿ."

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯ ಮಗಳೋ ಮಗನೋ ಪರದೇಶದವರ ಕೈ ಹಿಡಿದಿದ್ದರೆ ಸಂತೋಷದಿಂದ ಕಳಿಸಿಕೊಡಿ. ಆದರೆ ನಿಯಮಗಳನ್ನು ಆ ದೇಶದ ವೀಸಾ ಕಚೇರಿಯಿಂದಲೇ ತಿಳಿದುಕೊಳ್ಳಿ. ಅವರಿವರ ಮಾತು ಕೇಳಿ ಏನನ್ನೂ ಬರೆಯಬೇಡಿ, ತಿದ್ದಬೇಡಿ. ಪ್ರೀತಿಯಿಂದ ತಿದ್ದಿದ್ದೂ ಅಲ್ಲಿ ಮೋಸವಾಗಿಯೇ ಕಾಣುತ್ತದೆ. ಹೋಗುವವರ ಪಾಸ್‌ಪೋರ್ಟ್ ಹೋಗುವವರ ಕೈಯಲ್ಲೇ ಇರಲಿ. ಮನೆಯ ಗೋಡೆಯ ಫೋಟೋದಲ್ಲಿ ಯಾರನ್ನು ಬೇಕಾದರೂ ನಿಲ್ಲಿಸಿಕೊಳ್ಳಿ. ಅರ್ಜಿಯ ಜೊತೆ ಇಡುವ ಫೋಟೋದಲ್ಲಿ ಮಾತ್ರ ಖಾಲಿ ಜಾಗ ಖಾಲಿಯೇ ಇರಲಿ.